ಟೈಪ್ ಒನ್ ಶುಗರ್: ಕಿಡ್ನಿ ಕೆಡುವುದು ಯಾರಿಗೆ, ಏಕೆ?

ತೆಲಂಗಾಣದ ಗಡಿಯ ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಕನ್ನಡದ ಮನೆಗಳಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ರಾಯಚೂರು. ಕೊತ್ತಪಲ್ಲಿಯಂಥ ಊರುಗಳವರು ನಾರಾಯಣಪೇಟೆಗೋ ಮಹಬೂಬ್‌ನಗರಕ್ಕೋ ಹೋಗುತ್ತಾರೆ, ಕೈಮೀರಿದರೆ ಹೈದರಾಬಾದಿಗೆ. ಯಾವ ಊರಿಗೆ ಹೋದರೂ, ಚಿಕ್ಕ ವಯಸ್ಸಿಗೇ ಇನ್ಸುಲಿನ್ ಹಿಡಿದ ಮಕ್ಕಳ ತಂದೆತಾಯಿ ಡಾಕ್ಟರ ಮುಂದೆ ಇಡುವ ಪ್ರಶ್ನೆ ಒಂದಿದೆ. ಒಂದೇ ವಯಸ್ಸಿಗೆ ಸೂಜಿ ಶುರುವಾದ ಇಬ್ಬರಲ್ಲಿ ಒಬ್ಬನಿಗೆ ಮೂವತ್ತರ ಹೊತ್ತಿಗೆ ಕಿಡ್ನಿ ಕೆಡುತ್ತದೆ, ಇನ್ನೊಬ್ಬ ಐವತ್ತು ದಾಟಿದರೂ ಹೊಲದ ಕೆಲಸ ಮಾಡಿಕೊಂಡಿರುತ್ತಾನೆ. ಇದು ಏಕೆ ಹೀಗೆ? ಅವನು ಪಥ್ಯ ಮಾಡಲಿಲ್ಲ, ಇವನು ಮಾಡಿದ ಎನ್ನುವುದು ಸುಲಭದ ಉತ್ತರ. ಆದರೆ ಅದು ಪೂರ್ತಿ ಉತ್ತರವಲ್ಲ, ಒಂದು ಪಾಲು ರಕ್ತಸಂಬಂಧದಲ್ಲಿದೆ. ಅದು ತಿಳಿದಿದ್ದರೆ ಮಗುವನ್ನು ಬೈಯುವುದು ಕಡಿಮೆಯಾಗುತ್ತದೆ, ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ.

ಡೆನ್ಮಾರ್ಕಿನ ಸ್ಟೆನೊ ಆಸ್ಪತ್ರೆಯ ವೈದ್ಯರು ಟೈಪ್ ಒನ್ ಶುಗರ್ ಇದ್ದ ಸಾವಿರಕ್ಕೂ ಹೆಚ್ಚು ಜನರ ದಶಕಗಳ ದಾಖಲೆಯನ್ನು ತಿರುವಿಹಾಕಿ 1983ರಲ್ಲಿ ಒಂದು ವರದಿ ಪ್ರಕಟಿಸಿದರು. ನೂರಕ್ಕೆ ಸುಮಾರು 40 ಜನರಿಗೆ ಕಿಡ್ನಿ ಕೆಟ್ಟಿತ್ತು, ಉಳಿದವರಿಗೆ ಕೆಟ್ಟಿರಲಿಲ್ಲ. ಇನ್ನೂ ಗಮನ ಸೆಳೆದದ್ದು ಕಾಲದ ಲೆಕ್ಕ. ಶುಗರ್ ಬಂದು ಹದಿನೈದು–ಹದಿನಾರು ವರ್ಷದ ಸುಮಾರಿಗೆ ಕಿಡ್ನಿ ತೊಂದರೆ ಕಾಣಿಸಿಕೊಳ್ಳುವುದು ಅತಿ ಹೆಚ್ಚಾಗಿ, ಆಮೇಲೆ ಇಳಿಯುತ್ತ ಹೋಗಿ, ಮೂವತ್ತೈದು ವರ್ಷ ದಾಟಿದವರಲ್ಲಿ ಹೊಸದಾಗಿ ಬರುವುದೇ ಅಪರೂಪವಾಗಿತ್ತು. ಸಕ್ಕರೆಯೊಂದೇ ಕಾರಣವಾಗಿದ್ದರೆ ವರ್ಷ ಕಳೆದಂತೆ ಎಲ್ಲರ ಕಿಡ್ನಿಯೂ ಒಂದಲ್ಲ ಒಂದು ದಿನ ಕೆಡಬೇಕಿತ್ತು. ಹಾಗಾಗಲಿಲ್ಲ ಎಂದರೆ, ಕೆಲವರ ಕಿಡ್ನಿ ಸಕ್ಕರೆಯ ಹೊಡೆತಕ್ಕೆ ಹುಟ್ಟಿನಿಂದಲೇ ಬೇಗ ಸೋಲುವಂಥದ್ದು, ಕೆಲವರದು ತಡೆದುಕೊಳ್ಳುವಂಥದ್ದು ಎಂಬ ಅನುಮಾನ ಬಲವಾಯಿತು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ಟೈಪ್ ಒನ್ ಶುಗರ್ ಬರಿಸುವ ವಂಶವಾಹಿಗಳು ಬೇರೆ, ಆ ಶುಗರ್ ಬಂದವರ ಕಿಡ್ನಿ ಕೆಡಿಸುವ ವಂಶವಾಹಿಗಳು ಬಹುಮಟ್ಟಿಗೆ ಬೇರೆ. ಮೊದಲನೆಯವು ಮುಖ್ಯವಾಗಿ ಎಚ್‌ಎಲ್‌ಎ ಎಂಬ ಗುಂಪಿನವು. ದೇಹದ ರಕ್ಷಣಾ ಪಡೆಗೆ ತನ್ನವರಾರು, ಹೊರಗಿನವರಾರು ಎಂದು ಗುರುತು ಹಚ್ಚಿಕೊಡುವ ಕೆಲಸ ಅವುಗಳದು. ಗುರುತು ತಪ್ಪಿದಾಗ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ದೇಹವೇ ಕೊಂದುಹಾಕುತ್ತದೆ. ಇಷ್ಟಾದರೂ ಟೈಪ್ ಒನ್ ಬಂದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಮನೆಯಲ್ಲಿ ಅದಕ್ಕೆ ಮೊದಲು ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಬೆಂಗಳೂರಿನ ಡಾ. ಕೆ. ಎಂ. ಪ್ರಸನ್ನಕುಮಾರ್ ಮತ್ತು ಸಂಗಡಿಗರು 1995ರಿಂದ ನಡೆಸಿದ ಕರ್ನಾಟಕದ ನೋಂದಣಿಯಲ್ಲಿ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಹೊಸ ಪ್ರಕರಣ ಕಂಡುಬಂದವು. ವಿರಳ ಕಾಯಿಲೆ, ಬಹುಪಾಲು ಹೇಳದೆ ಕೇಳದೆ ಬರುವಂಥದ್ದು. ಆದ್ದರಿಂದ ‘ತಾಯಿ ಕಡೆಯಿಂದ ಬಂತು’ ಎಂದು ಸೊಸೆಯತ್ತ ಬೆರಳು ತೋರಿಸುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಒಂದು ಮಾತಿಗೆ ಹೆದರಿ ಹೆಣ್ಣುಮಕ್ಕಳ ಶುಗರನ್ನು ಮದುವೆಯವರೆಗೆ ಮುಚ್ಚಿಡುವ ಮನೆಗಳಲ್ಲಿ ಕಿಡ್ನಿ ಪರೀಕ್ಷೆಯೂ ಮುಚ್ಚಿಹೋಗುತ್ತದೆ.

ಇನ್ನು ಕಿಡ್ನಿಯ ವಂಶದ ವಿಚಾರ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸೀಕ್ವಿಸ್ಟ್ ಮತ್ತು ಸಂಗಡಿಗರು 1989ರಲ್ಲಿ ಒಂದು ಸರಳ ಕೆಲಸ ಮಾಡಿದರು. ಒಂದೇ ಮನೆಯಲ್ಲಿ ಇಬ್ಬರು ಒಡಹುಟ್ಟಿದವರಿಗೂ ಶುಗರ್ ಇರುವ ಕುಟುಂಬಗಳನ್ನು ಹುಡುಕಿದರು. ಒಬ್ಬರ ಕಿಡ್ನಿ ಕೆಟ್ಟಿದ್ದ ಮನೆಗಳಲ್ಲಿ ಶುಗರ್ ಇದ್ದ 29 ಒಡಹುಟ್ಟಿದವರ ಪೈಕಿ 24 ಜನರ ಕಿಡ್ನಿಯೂ ಕೆಟ್ಟಿತ್ತು. ಮೊದಲನೆಯವರ ಕಿಡ್ನಿ ಚೆನ್ನಾಗಿದ್ದ ಮನೆಗಳಲ್ಲಿ 12 ಜನರ ಪೈಕಿ ಕೆಟ್ಟದ್ದು ಇಬ್ಬರದು ಮಾತ್ರ. ಸಣ್ಣ ಅಧ್ಯಯನ, ಅಂಕಿ ಹಿಗ್ಗಿರಬಹುದು ಎಂದು ಅನುಮಾನಿಸಿದವರೂ ಇದ್ದರು. ಆದರೆ 1992ರಲ್ಲಿ ಡೆನ್ಮಾರ್ಕಿನಲ್ಲಿ ನೂರಕ್ಕೆ 33 ಮತ್ತು 10, 1996ರಲ್ಲಿ ಬಾಸ್ಟನ್ನಿನ ಜಾಸ್ಲಿನ್ ಕೇಂದ್ರದಲ್ಲಿ ಸುಮಾರು 71 ಮತ್ತು 25 ಎಂಬ ಅಂಕಿಗಳು ಬಂದವು. ದೇಶ ಬದಲಾದರೂ, ಅಳತೆ ಬದಲಾದರೂ, ಎರಡೂ ಕಡೆ ವ್ಯತ್ಯಾಸ ಮೂರು ಪಟ್ಟಿನ ಆಸುಪಾಸಿನಲ್ಲೇ ನಿಂತಿತು.

ಒಂದೇ ಮನೆಯವರು ಒಂದೇ ಉಪ್ಪಿನಕಾಯಿ ತಿನ್ನುತ್ತಾರೆ, ಒಂದೇ ನೀರು ಕುಡಿಯುತ್ತಾರೆ, ಒಂದೇ ಡಾಕ್ಟರ ಹತ್ತಿರ ಹೋಗುತ್ತಾರೆ, ಹಾಗಾಗಿ ಇದೆಲ್ಲ ರಕ್ತದ ಗುಣವೆಂದು ಹೇಗೆ ಹೇಳುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಫಿನ್ಲೆಂಡಿನಲ್ಲಿ ಪೆರ್-ಹೆನ್ರಿಕ್ ಗ್ರೂಪ್ ಅವರು 1997ರಲ್ಲಿ ಶುರುಮಾಡಿದ ಫಿನ್‌ಡಯೇನ್ ಎಂಬ ಅಧ್ಯಯನ ಸಾವಿರಾರು ಟೈಪ್ ಒನ್ ರೋಗಿಗಳ ಡಿಎನ್ಎಯನ್ನೇ ನೇರವಾಗಿ ಹೋಲಿಸಿ ನೋಡಿತು. 2017ರ ಹೊತ್ತಿಗೆ ಅವರ ಬಳಗ ಕೊಟ್ಟ ಅಂದಾಜಿನಂತೆ, ಯಾರ ಕಿಡ್ನಿ ಕೆಡುತ್ತದೆ, ಯಾರದು ಕೆಡುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಮೂರನೇ ಒಂದು ಪಾಲಿನಷ್ಟನ್ನು ವಂಶವಾಹಿಗಳು ವಿವರಿಸುತ್ತವೆ. ಈ ಮಾತನ್ನು ತಪ್ಪಾಗಿ ಓದಿಕೊಳ್ಳುವುದು ಸುಲಭ. ಒಬ್ಬ ಹುಡುಗನ ಕಿಡ್ನಿ ಮೂರರಲ್ಲೊಂದು ಪಾಲು ವಂಶದಿಂದ ಕೆಟ್ಟಿತು, ಎರಡು ಪಾಲು ಸಕ್ಕರೆಯಿಂದ ಕೆಟ್ಟಿತು ಎಂದು ಇದರ ಅರ್ಥವಲ್ಲ. ಸಾವಿರ ಜನರನ್ನು ಒಟ್ಟಿಗೆ ನಿಲ್ಲಿಸಿದಾಗ ಅವರ ನಡುವಿನ ವ್ಯತ್ಯಾಸದ ಲೆಕ್ಕ ಇದು. ಒಬ್ಬೊಬ್ಬರಲ್ಲಿ ವಂಶವೂ ಸಕ್ಕರೆಯೂ ಬೇರೆಬೇರೆಯಾಗಿ ಕೆಲಸ ಮಾಡುವುದಿಲ್ಲ, ಒಂದರೊಳಗೊಂದು ಸೇರಿಕೊಂಡೇ ಕೆಲಸ ಮಾಡುತ್ತವೆ.

ಹೇಗೆ ಸೇರಿಕೊಳ್ಳುತ್ತವೆ ಎಂದು ತಿಳಿಯಲು ಕಿಡ್ನಿಯ ಒಳಗೆ ಇಣುಕಬೇಕು. ಪ್ರತಿ ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿ ಒಂದೂವರೆ–ಎರಡು ಲೀಟರ್ ಮಾತ್ರ ಉಚ್ಚೆಯಾಗಿ ಹೊರಬೀಳುತ್ತದೆ, ಉಳಿದದ್ದು ರಕ್ತಕ್ಕೆ ಮರಳುತ್ತದೆ. ಸೋಸುಗದ ಗೋಡೆ ಮೂರು ಪದರದ್ದು: ಒಳಗಡೆ ರಕ್ತನಾಳದ ತೆಳು ಹೊದಿಕೆ, ಹೊರಗಡೆ ಬೆರಳು ಹೆಣೆದುಕೊಂಡಂಥ ಪೋಡೋಸೈಟ್ ಜೀವಕೋಶಗಳು, ನಡುವೆ ಒಂದು ಪೊರೆ. ಈ ನಡುವಣ ಪೊರೆ ನಾರಾಯಣಪೇಟೆಯ ಮಗ್ಗದ ಬಟ್ಟೆಯಂತೆ ನೇಯ್ಗೆಯದು. ಅದರ ನೂಲು ನಾಲ್ಕನೇ ಬಗೆಯ ಕೊಲಾಜನ್ ಎಂಬ ಪ್ರೋಟೀನು, ಮೂರು ಎಳೆಗಳು ಹೊಸೆದು ಒಂದಾದದ್ದು. ಆಲ್ಬುಮಿನ್‌ನಂಥ ಬೇಕಾದ ಪ್ರೋಟೀನು ಉಚ್ಚೆಗೆ ಸೋರದಂತೆ ತಡೆಯುವುದು ಈ ನೇಯ್ಗೆ. ಶುಗರ್ ಹಲವು ವರ್ಷ ಹೆಚ್ಚಿದ್ದರೆ ಕಿಡ್ನಿಯಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಬದಲಾವಣೆಗಳಲ್ಲಿ ಒಂದು ಇದೇ ಪೊರೆ ದಪ್ಪಗಾಗುವುದು. ದಪ್ಪಗಾಯಿತೆಂದು ಗಟ್ಟಿಯಾಗುವುದಿಲ್ಲ, ನೇಯ್ಗೆಯ ಗುಣ ಕೆಟ್ಟು ಸೋರಲು ಶುರುವಾಗುತ್ತದೆ.

2019ರಲ್ಲಿ ಹಲವು ದೇಶಗಳ ಸಂಶೋಧಕರು ಟೈಪ್ ಒನ್ ಇರುವ 19,406 ಜನರ ಡಿಎನ್ಎ ಒಟ್ಟುಗೂಡಿಸಿ ಹುಡುಕಿದಾಗ ಹದಿನಾರು ಕಡೆ ಕಿಡ್ನಿ ಕಾಯಿಲೆಯ ನಂಟು ಸಿಕ್ಕಿತು. ಅವುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಈ ಕೊಲಾಜನ್‌ನ ಒಂದು ಎಳೆಯನ್ನು ತಯಾರಿಸುವ ಸಿಒಎಲ್4ಎ3 ಎಂಬ ವಂಶವಾಹಿಯಲ್ಲಿತ್ತು. ಆ ಪ್ರೋಟೀನಿನ 326ನೆಯ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದ್ದವರಿಗೆ ಕಿಡ್ನಿ ಕೆಡುವ ಸಾಧ್ಯತೆ ಐದರಲ್ಲೊಂದು ಪಾಲಿನಷ್ಟು ಕಡಿಮೆ. ಹುಡುಕಿದ್ದು ಕೆಡುಕಿನ ವಂಶವಾಹಿಯನ್ನು, ಸಿಕ್ಕಿದ್ದು ಕಾಪಾಡುವ ವಂಶವಾಹಿ! ಅದು ಇದ್ದವರ ಪೊರೆ ಶುಗರ್ ಬಂದ ಮೇಲೂ ಅಷ್ಟು ದಪ್ಪಗಾಗಿರಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದಲ್ಲ. ಆ ಕಾಪಾಡುವ ಗುಣ ಎದ್ದು ಕಂಡದ್ದು ಸಕ್ಕರೆ ಹೆಚ್ಚಿದ್ದವರಲ್ಲಿ. ರಕ್ತದ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಹಿಡಿತದಲ್ಲಿದ್ದವರಲ್ಲಿ ಅದು ಇದ್ದರೂ ಇಲ್ಲದಿದ್ದರೂ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ ವಂಶವಾಹಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದರ ಕೈ ನಡೆಯುವುದು ಸಕ್ಕರೆ ಏರಿದಾಗ. ರಕ್ತದಲ್ಲಿ ಬರೆದದ್ದನ್ನು ಅಳಿಸಲಾಗದು ಎಂದು ಕೈಚೆಲ್ಲುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಸಕ್ಕರೆ ಹಿಡಿತದ ಬಲಕ್ಕೆ ದೊಡ್ಡ ಸಾಕ್ಷಿ ಅಮೆರಿಕ ಮತ್ತು ಕೆನಡಾದಲ್ಲಿ 1441 ಟೈಪ್ ಒನ್ ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಪ್ರಯೋಗ. ಎಚ್‌ಬಿಎ1ಸಿಯನ್ನು ಒಂಬತ್ತರಿಂದ ಏಳರ ಹತ್ತಿರಕ್ಕೆ ಇಳಿಸಿಕೊಂಡವರಲ್ಲಿ ಉಚ್ಚೆಯಲ್ಲಿ ಪ್ರೋಟೀನು ಸೋರುವ ಮೊದಲ ಹಂತ ನೂರಕ್ಕೆ 39ರಷ್ಟು, ಮುಂದಿನ ಹಂತ 54ರಷ್ಟು ಕಡಿಮೆಯಾಯಿತು. ಪ್ರಯೋಗ ಮುಗಿದ ಮೇಲೆ ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟಕ್ಕೆ ಬಂದರೂ, ಮೊದಲು ಹಿಡಿತದಲ್ಲಿದ್ದವರ ಕಿಡ್ನಿ ಸುಮಾರು ಇಪ್ಪತ್ತು ವರ್ಷಗಳ ನಂತರವೂ ಹೆಚ್ಚು ಚೆನ್ನಾಗಿತ್ತು. ದೇಹ ಹಳೆಯ ಸಕ್ಕರೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪಿನ ಒಂದಷ್ಟು ಭಾಗ ಡಿಎನ್ಎಯ ಮೇಲೆ ಅಂಟುವ ರಾಸಾಯನಿಕ ಗುರುತುಗಳ ರೂಪದಲ್ಲಿರುತ್ತದೆ ಎಂದು ಅದೇ ಜನರ ರಕ್ತದಿಂದ ಮುಂದೆ ತಿಳಿದುಬಂತು. ಹತ್ತು ವರ್ಷದ ಮಗುವಿಗೆ ಶುಗರ್ ಬಂದಾಗ ‘ಇನ್ನೂ ಸಣ್ಣದು, ದೊಡ್ಡದಾದ ಮೇಲೆ ನೋಡಿದರಾಯಿತು’ ಎಂದುಕೊಂಡರೆ ಕಳೆದುಹೋಗುವುದು ಈ ಮೊದಲ ವರ್ಷಗಳೇ.

ಇನ್ನೊಂದು ಕಡೆಯಿಂದ ನೋಡಿದವರು ಜಾಸ್ಲಿನ್ ಕೇಂದ್ರದವರು. ಇನ್ಸುಲಿನ್ ಹಿಡಿದು 50 ವರ್ಷ ಬದುಕಿದವರಿಗೆ ಅಲ್ಲಿ ಪದಕ ಕೊಡುತ್ತಾರೆ. ಅಂಥವರಲ್ಲಿ ಹೆಚ್ಚಿನವರಿಗೆ ಕಿಡ್ನಿ ತೊಂದರೆ ಇರಲಿಲ್ಲ. ಸೋಸುಗಗಳಲ್ಲಿ ಸಕ್ಕರೆಯನ್ನು ಉರಿಸಿ ಹೊರಹಾಕುವ ಪಿಕೆಎಂ2 ಎಂಬ ಕಿಣ್ವ ಅವರಲ್ಲಿ ಹೆಚ್ಚಾಗಿತ್ತು ಎಂದು 2017ರಲ್ಲಿ ವರದಿಯಾಯಿತು. ಮುಂದೆ ಔಷಧಿಗೆ ದಾರಿಯಾಗಬಹುದಾದ ಸುಳಿವು ಅದು.

ಹಾಗಾದರೆ ನಮ್ಮ ಮಗುವಿಗೂ ಜೀನ್ ಪರೀಕ್ಷೆ ಮಾಡಿಸಿ ಮೊದಲೇ ತಿಳಿದುಕೊಳ್ಳಬಹುದಲ್ಲ? ಸಾಮಾನ್ಯ ಟೈಪ್ ಒನ್ ರೋಗಿಗೆ ಬೇಡ, ಸದ್ಯಕ್ಕೆ ಹಣ ದಂಡ. ಹದಿನಾರೂ ಜಾಗ ಸೇರಿಸಿದರೂ ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವಷ್ಟು ಬಲ ಅವುಗಳಿಗಿಲ್ಲ. ಮೇಲಾಗಿ ಆ 19,406 ಜನ ಐರೋಪ್ಯ ಮೂಲದವರು. ನಮ್ಮ ಜನರಲ್ಲಿ ಅವೇ ವಂಶವಾಹಿಗಳು ಅಷ್ಟೇ ಬಲವಾಗಿ ಕೆಲಸ ಮಾಡುತ್ತವೆಂದು ಊಹಿಸಿ ಹೊರಡುವಂತಿಲ್ಲ. ನಮ್ಮದೇ ದತ್ತಾಂಶ ಈಗೀಗ ಕೂಡಿಬರುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಿಂದ ನಡೆದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು ಹತ್ತು ಸಾವಿರ ಜನರ ಡಿಎನ್ಎ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಹೈದರಾಬಾದಿನ ಸಿಸಿಎಂಬಿ, ಪುಣೆಯ ಕೆಇಎಂ ಆಸ್ಪತ್ರೆ ಮತ್ತು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ ಕೂಡಿ 2020ರಲ್ಲಿ, ಐರೋಪ್ಯರಿಗಾಗಿ ರೂಪಿಸಿದ ಟೈಪ್ ಒನ್ ಜೀನ್ ಅಂಕ ನಮ್ಮವರಲ್ಲೂ ಟೈಪ್ ಒನ್ ಯಾವುದು, ಟೈಪ್ ಟೂ ಯಾವುದು ಎಂದು ಗುರುತಿಸಲು ನೆರವಾಗುತ್ತದೆ, ಆದರೆ ಅಲ್ಲಿಯಷ್ಟು ಚೊಕ್ಕವಾಗಿ ಅಲ್ಲ ಎಂದು ತೋರಿಸಿದವು. ಅದು ಶುಗರಿನ ಬಗೆ ತಿಳಿಯುವ ಪರೀಕ್ಷೆ. ಕಿಡ್ನಿಯ ಭವಿಷ್ಯ ಅದರಿಂದ ತಿಳಿಯದು.

ಆದರೆ ಕೆಲವು ಮನೆಗಳಲ್ಲಿ ಜೀನ್ ಪರೀಕ್ಷೆಯ ಮಾತು ಎತ್ತಲೇಬೇಕು. ಶುಗರ್ ಬಂದು ಐದು ವರ್ಷವೂ ಆಗದೆ ಉಚ್ಚೆಯಲ್ಲಿ ತುಂಬಾ ಪ್ರೋಟೀನು ಸೋರುತ್ತಿದ್ದರೆ, ಉಚ್ಚೆಯಲ್ಲಿ ರಕ್ತ ಕಾಣುತ್ತಿದ್ದರೆ, ಕಿಡ್ನಿ ಕೆಟ್ಟಿದ್ದರೂ ಕಣ್ಣಿನ ಪರದೆ ಸ್ವಚ್ಛವಾಗಿದ್ದರೆ ಅದು ಶುಗರಿನಿಂದ ಕೆಟ್ಟ ಕಿಡ್ನಿ ಆಗಿರದೆ ಇರಬಹುದು. ಟೈಪ್ ಒನ್‌ನಲ್ಲಿ ಕಿಡ್ನಿ ಕೆಡುವ ಹೊತ್ತಿಗೆ ಕಣ್ಣಿನಲ್ಲೂ ಗುರುತು ಇರುವುದೇ ಹೆಚ್ಚು. ಹಿಂದೆ ಹೇಳಿದ ಕೊಲಾಜನ್ ಎಳೆಗಳೇ ಹುಟ್ಟಿನಿಂದ ಕೆಟ್ಟಿದ್ದರೆ ಆಲ್ಪೋರ್ಟ್ ಎಂಬ ಕಾಯಿಲೆ ಬರುತ್ತದೆ: ಉಚ್ಚೆಯಲ್ಲಿ ರಕ್ತ, ಕಿವಿ ಮಂದ, ಹರೆಯದಲ್ಲೇ ಕಿಡ್ನಿ ವೈಫಲ್ಯ. ಸ್ಕ್ಯಾನಿಂಗಿನಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಕಂಡು, ಮೂರು ತಲೆಮಾರಿನಲ್ಲೂ ಚಿಕ್ಕ ವಯಸ್ಸಿಗೆ ಶುಗರ್ ಇದ್ದರೆ ಅದು ಟೈಪ್ ಒನ್ ಅಲ್ಲದೆ ಎಚ್‌ಎನ್‌ಎಫ್1ಬಿ ಎಂಬ ಒಂದೇ ವಂಶವಾಹಿಯಿಂದ ಬರುವ ಬಗೆಯಾಗಿರಬಹುದು. ತಾಯಿಯ ಕಡೆಯವರಲ್ಲಿ ಶುಗರೂ ಕಿವುಡೂ ಜೊತೆಯಾಗಿ ಬಂದಿದ್ದರೆ ಮೈಟೊಕಾಂಡ್ರಿಯಾದ ದೋಷವಿರಬಹುದು, ಅದೂ ಕಿಡ್ನಿಯನ್ನು ಕೆಡಿಸುತ್ತದೆ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಇಂಥ ಒಂದೇ ವಂಶವಾಹಿಯ ಶುಗರಿನ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಇದನ್ನು ಓದಿ ಯಾರೂ ಇನ್ಸುಲಿನ್ ನಿಲ್ಲಿಸಬಾರದು. ಟೈಪ್ ಒನ್ ಇದ್ದವರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು.

ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಈ ಸೀಮೆಯಲ್ಲಿ ಇವತ್ತಿಗೂ ರೂಢಿ. ಹಲವು ವಂಶವಾಹಿಗಳ ಸಣ್ಣಸಣ್ಣ ಪಾಲಿನಿಂದ ಬರುವ ಸಾಮಾನ್ಯ ಶುಗರ್ ಕಿಡ್ನಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗಷ್ಟೇ ಕಾಣುವ ಕಾಯಿಲೆಗಳಿಗೆ, ಅಂದರೆ ಆಲ್ಪೋರ್ಟಿನ ಒಂದು ಬಗೆಗೆ, ಶುಗರಿನ ಜೊತೆ ಕಣ್ಣಿನ ನರ ಒಣಗುವ ವೋಲ್‌ಫ್ರಾಮ್ ಕಾಯಿಲೆಗೆ, ಇದು ದಾರಿ ಸುಲಭ ಮಾಡುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರು ಡಾಕ್ಟರಿಗೆ ಅದನ್ನು ನಾಚದೆ ಹೇಳಬೇಕು.

ಉಳಿದ ಮನೆಗಳಿಗೆ ಕಾಸಿಲ್ಲದ ಜೀನ್ ಪರೀಕ್ಷೆ ಒಂದಿದೆ, ಅದು ಮನೆತನದ ಪಟ್ಟಿ. ನಮ್ಮಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳಿಗೆ ಟೈಪ್ ಒನ್ ಇರುವುದು ಅಪರೂಪ, ಆದ್ದರಿಂದ ಮಿನೆಸೋಟಾದವರ ಪ್ರಶ್ನೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೇಳಬೇಕಾದ್ದು ಬಿ.ಪಿ. ತಂದೆ ತಾಯಿಗೆ ರಕ್ತದೊತ್ತಡ ಇದ್ದರೆ ಟೈಪ್ ಒನ್ ಮಗುವಿಗೆ ಕಿಡ್ನಿ ತೊಂದರೆಯ ಸಂಭವ ಹೆಚ್ಚು ಎಂದು 1980ರ ದಶಕದಲ್ಲೇ ಲಂಡನ್ ಮತ್ತು ಬಾಸ್ಟನ್ನಿನ ವೈದ್ಯರು ಗುರುತಿಸಿದ್ದಾರೆ. ಅಜ್ಜ, ಅಜ್ಜಿ, ಕಾಕಾ, ಸೋದರಮಾವ, ಅತ್ತೆಯರಲ್ಲಿ ಯಾರಿಗೆ ಬಿ.ಪಿ., ಯಾರಿಗೆ ಶುಗರ್, ಯಾರು ಡಯಾಲಿಸಿಸ್‌ಗೆ ಹೋದರು, ಯಾರು ಮುಖ ಕಾಲು ಬಾತು ತೀರಿಕೊಂಡರು, ಯಾರಿಗೆ ಚಿಕ್ಕಂದಿನಿಂದ ಕಿವಿ ಕೇಳುವುದಿಲ್ಲ, ಇಷ್ಟನ್ನು ವಯಸ್ಸಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ರಿಪೋರ್ಟುಗಳ ಕವರಿನಲ್ಲಿಡಿ. ಒಮ್ಮೆ ರಾಯಚೂರಿನ ರಿಮ್ಸ್, ಮತ್ತೊಮ್ಮೆ ಮಹಬೂಬ್‌ನಗರ ಎಂದು ಎರಡು ರಾಜ್ಯ ಓಡಾಡುವ ನಮ್ಮ ಜನರಿಗೆ ಪ್ರತಿ ಕಡೆಯೂ ಹೊಸ ಚೀಟಿ ಹುಟ್ಟಿ, ಹಳೆಯದು ಕಳೆದುಹೋಗುತ್ತದೆ. ಆ ಕವರೇ ಮಗುವಿನ ಇತಿಹಾಸ.

ಪಟ್ಟಿ ಏನೇ ಹೇಳಲಿ, ಶುಗರ್ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಎರಡು ಪರೀಕ್ಷೆ ತಪ್ಪಬಾರದು. ಒಂದು, ಬೆಳಗಿನ ಮೊದಲ ಉಚ್ಚೆಯಲ್ಲಿ ಎಸಿಆರ್, ಅಂದರೆ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. ಇನ್ನೊಂದು, ರಕ್ತದ ಕ್ರಿಯಾಟಿನಿನ್. ಎಸಿಆರ್ 30ರೊಳಗಿದ್ದರೆ ಸರಿ, 30ರಿಂದ 300 ಎಚ್ಚರಿಕೆ, 300 ಮೀರಿದರೆ ಹಾನಿ ಮುಂದುವರಿದಿದೆ. ಪಟ್ಟಿ ಅದ್ದಿ ನೋಡುವ ಸಾದಾ ಉಚ್ಚೆ ಪರೀಕ್ಷೆಗೆ ಈ ಎಚ್ಚರಿಕೆಯ ಹಂತ ಸಾಮಾನ್ಯವಾಗಿ ಕಾಣುವುದಿಲ್ಲ. ‘ಯೂರಿನ್ ನಾರ್ಮಲ್’ ಎಂಬ ಚೀಟಿ ನೋಡಿ ಸಮಾಧಾನಪಟ್ಟು ಅತ್ಯಂತ ಅಮೂಲ್ಯವಾದ ವರ್ಷಗಳನ್ನು ಕಳೆದುಕೊಳ್ಳುವುದು ಇಲ್ಲೇ. ಜ್ವರ, ಉರಿಮೂತ್ರ, ಮುಟ್ಟು, ಹಿಂದಿನ ದಿನದ ಮೈಮುರಿಯುವ ಕೆಲಸ, ಇವೆಲ್ಲ ಅಂಕಿಯನ್ನು ಸುಮ್ಮನೆ ಏರಿಸುತ್ತವೆ. ಆದ್ದರಿಂದ ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ನಿಜವೆಂದು ಹಿಡಿಯುತ್ತಾರೆ.

ಈ ಹಂತದಲ್ಲಿ ಕೈಗೆ ಸಿಗುವ ಮದ್ದು ಹಳೆಯದು, ಅಗ್ಗದ್ದು. ಟೈಪ್ ಒನ್ ಇದ್ದ 409 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಬಿ.ಪಿ. ಮಾತ್ರೆ ಸಾವು, ಡಯಾಲಿಸಿಸ್, ಕಿಡ್ನಿ ಕಸಿ ಮೂರರ ಒಟ್ಟು ಅಪಾಯವನ್ನು ಅರ್ಧಕ್ಕಿಳಿಸಿತು. ಇವತ್ತು ಅದೇ ಕುಲದ ಎನಲಾಪ್ರಿಲ್, ರಾಮಿಪ್ರಿಲ್, ಇಲ್ಲವೇ ಟೆಲ್ಮಿಸಾರ್ಟನ್ ಬರೆದುಕೊಡುತ್ತಾರೆ. ಪ್ರೋಟೀನು ಸೋರುತ್ತಿದ್ದರೆ ಬಿ.ಪಿ. ಹೆಚ್ಚಿಲ್ಲದವರಿಗೂ ಕೊಡುವುದುಂಟು, ‘ನನಗೆ ಬಿ.ಪಿ. ಇಲ್ಲವಲ್ಲ’ ಎಂದು ಬಿಡಬಾರದು. ಶುರುಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಬಸುರಿಯಾಗುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು, ಈ ಮಾತ್ರೆಗಳು ಹೊಟ್ಟೆಯೊಳಗಿನ ಮಗುವಿಗೆ ಹಾನಿ ಮಾಡುತ್ತವೆ. ಮೈಕೈ ನೋವಿಗೆ ಆರ್‌ಎಂಪಿ ಹತ್ತಿರ ಹಾಕಿಸಿಕೊಳ್ಳುವ ಡೈಕ್ಲೊಫೆನಾಕ್ ಸೂಜಿ, ಹೆಸರಿಲ್ಲದ ಭಸ್ಮ, ಎರಡೂ ಇಂಥ ಕಿಡ್ನಿಗೆ ಶತ್ರು.

ಕೊನೆಗೂ ಕಿಡ್ನಿ ಸೋಲತೊಡಗಿದರೆ ವಿಚಿತ್ರವೊಂದು ನಡೆಯುತ್ತದೆ. ಇನ್ಸುಲಿನ್ ಅನ್ನು ದೇಹದಿಂದ ಕಳೆಯುವ ಕೆಲಸದಲ್ಲಿ ಕಿಡ್ನಿಗೂ ದೊಡ್ಡ ಪಾಲಿದೆ. ಅದು ಕುಂದಿದಾಗ ಅದೇ ಸೂಜಿ ಹೆಚ್ಚು ಹೊತ್ತು ಕೆಲಸ ಮಾಡಿ, ಸಕ್ಕರೆ ತಾನಾಗಿ ಇಳಿಯುತ್ತದೆ. ಶುಗರ್ ವಾಸಿಯಾಗುತ್ತಿದೆ ಎಂದು ಮನೆಯವರು ಹಿಗ್ಗುತ್ತಾರೆ. ಊಟ ಬದಲಿಸದೆ ಪದೇಪದೇ ಲೋ ಆಗುತ್ತಿದ್ದರೆ ಅದೇ ವಾರ ಕ್ರಿಯಾಟಿನಿನ್ ನೋಡಿಸಿ.

ಡಯಾಲಿಸಿಸ್ ತೆಲಂಗಾಣದಲ್ಲಿ ಆರೋಗ್ಯಶ್ರೀ ಕೆಳಗೆ ಸಿಗುತ್ತದೆ, ಯಾವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಂದು ಗಡಿ ದಾಟುವ ಮೊದಲೇ ಕೇಳಿಕೊಳ್ಳಬೇಕು. ಕಸಿಯ ಮಾತು ಬಂದಾಗ ವಂಶದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲೊಂದು, ತಂದೆತಾಯಿಯದು ಅರ್ಧ ಹೊಂದುತ್ತದೆ. ಸಾಮಾನ್ಯ ಟೈಪ್ ಒನ್ ರೋಗಿಗೆ ಶುಗರ್ ಇಲ್ಲದ ಅಣ್ಣತಮ್ಮ, ಅಕ್ಕತಂಗಿ ಕಿಡ್ನಿ ಕೊಡಬಹುದು, ಅದಕ್ಕೆ ಮೊದಲು ಅವರ ಸಕ್ಕರೆ, ಬಿ.ಪಿ., ಎಸಿಆರ್ ಎಲ್ಲ ನೋಡುತ್ತಾರೆ. ಆಲ್ಪೋರ್ಟಿನ ಮನೆಯಲ್ಲಿ ಲೆಕ್ಕ ಬೇರೆ. ನಮ್ಮಲ್ಲಿ ಮಗನಿಗೆ ಕಿಡ್ನಿ ಕೊಡಲು ಮೊದಲು ಮುಂದೆ ಬರುವವಳು ತಾಯಿ. ಆದರೆ ಆ ಕಾಯಿಲೆಯಲ್ಲಿ ಗಂಡುಮಗನಿಗೆ ದೋಷ ಹೆಚ್ಚಾಗಿ ಬರುವುದು ತಾಯಿಯ ಎಕ್ಸ್ ವರ್ಣತಂತುವಿನಿಂದ, ಅವಳ ಉಚ್ಚೆಯಲ್ಲೂ ಕಣ್ಣಿಗೆ ಕಾಣದಷ್ಟು ರಕ್ತ ಇರುತ್ತದೆ, ಒಂದು ಕಿಡ್ನಿ ಕೊಟ್ಟರೆ ಉಳಿದದ್ದೂ ಮುಂದೆ ಕೆಡಬಹುದು. ಮನೆತನದ ಪಟ್ಟಿಯಲ್ಲಿ ರಕ್ತದ ಉಚ್ಚೆ, ಕಿವುಡು ಎಂದು ಎಲ್ಲಾದರೂ ಬರೆದಿದ್ದರೆ ಕಸಿಯ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ತೋರಿಸಿ, ತಾಯಿಯ ಪರೀಕ್ಷೆಗಳು ಶುರುವಾಗುವ ಮೊದಲು.